ಆರು ಅಕ್ಷರ ಕೊಟ್ಟು ಉದ್ದದ ಪದ ಕೇಳಿದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ಗೋಣಿಕೊಪ್ಪದ ಹತ್ತಿರದ ಊರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ. ಆಗ ಮನೆಮಂದಿಯೆಲ್ಲ ಕೂತು ಇಂಗ್ಲಿಷ್ ಪದದಾಟ ಆಡುತ್ತೇವೆ. ಮೊನ್ನೆ ‘ಕೊಡಗು’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ (ಕೆ, ಒ, ಡಿ, ಎ, ಜಿ, ಯು) ಬರೆದು, ಆ ಆರೂ ಅಕ್ಷರ ಇರುವ ಉದ್ದದ ಪದ ಹೇಳಬೇಕು ಎಂದು ಪಂದ್ಯ ಕಟ್ಟಿದೆವು. ಬೇರೆ ಅಕ್ಷರ ಸೇರಿದರೆ ಪರವಾಗಿಲ್ಲ. ನಾನು ‘ಬ್ಯಾಕ್‌ಗ್ರೌಂಡ್’ ಎಂದೆ. ಪಿಯುಸಿ ಓದುವ ಅಣ್ಣನ ಮಗಳು ಮೊಬೈಲ್ ನೋಡಿ ‘ಇನ್ನೂ ಉದ್ದದ್ದು ಇದೆ’ ಅಂದಳು. ಮೊಬೈಲ್ ಇಲ್ಲದೆ ಇಂಥ ಪದ ಹುಡುಕುವ ದಾರಿ ಇದೆಯಾ? ಕಂಪ್ಯೂಟರ್ ಇದನ್ನು ಹೇಗೆ ಮಾಡುತ್ತದೆ? ನಾನು ಓದಿದ್ದು ಕನ್ನಡ ಮೀಡಿಯಂ. ಅದು ಅಡ್ಡಿಯಾಗುತ್ತಾ?

ಉತ್ತರ: ‘ಬ್ಯಾಕ್‌ಗ್ರೌಂಡ್’ ಒಳ್ಳೆಯ ಉತ್ತರವೇ. ಬಿಡಿಸಿ ಬರೆಯಿರಿ: ಬಿ, ಎ, ಸಿ, ಕೆ, ಜಿ, ಆರ್, ಒ, ಯು, ಎನ್, ಡಿ. ಕೊಡಗಿನ ಆರೂ ಅಕ್ಷರ ಅದರಲ್ಲಿವೆ. ಒಟ್ಟು ಹತ್ತಕ್ಷರ. ಕರೆಂಟ್ ಇಲ್ಲದ ಸಂಜೆ, ತಲೆಯಿಂದಲೇ ಇಷ್ಟು ಹೊಳೆದಿದೆ ಎಂದರೆ ಭೇಷ್ ಅನ್ನಬೇಕು. ಆದರೆ ಹುಡುಗಿ ಹೇಳಿದ್ದೂ ನಿಜ. ಇದೇ ಆರು ಅಕ್ಷರ ಇಟ್ಟುಕೊಂಡು ಹದಿನೈದಕ್ಷರದವರೆಗೆ ಹೋಗಬಹುದು, ಅದೂ ಮೊಬೈಲ್ ಮುಟ್ಟದೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕನ್ನಡ ಮೀಡಿಯಂ ಅಡ್ಡಿ ಏನಲ್ಲ. ಆದರೆ ಕನ್ನಡ ಓದಿದವರಿಗೆಲ್ಲ ಒಂದು ಅಭ್ಯಾಸ ಇರುತ್ತದೆ, ಅದು ಇಲ್ಲಿ ಕೈ ಕೊಡುತ್ತದೆ. ನಾವು ಕೇಳಿದ್ದನ್ನೇ ಬರೆಯುವವರು, ಬರೆದಿದ್ದನ್ನೇ ಓದುವವರು. ಹಾಗಾಗಿ ‘ಕೆ ಇರುವ ಪದ’ ಎಂದ ಕೂಡಲೇ ಕಿವಿ ‘ಕ’ ಶಬ್ದಕ್ಕೆ ಹುಡುಕಾಡುತ್ತದೆ. ಕ್ಯಾಟಲಾಗ್, ಕಾಂಪೌಂಡ್, ಕೌನ್ಸಿಲ್ ಎಲ್ಲ ಸಾಲಾಗಿ ಬರುತ್ತವೆ. ಒಂದರಲ್ಲೂ ಕೆ ಇಲ್ಲ, ಎಲ್ಲ ಸಿ. ಇನ್ನೊಂದು ಕಡೆ ‘ನಾಲೆಡ್ಜ್’ ಎಂಬ ಪದದಲ್ಲಿ ಕೆ ಇದೆ, ಅದೂ ಮೊದಲನೆಯ ಅಕ್ಷರವಾಗಿಯೇ. ಕಿವಿಗೆ ಅದು ಕೇಳಿಸುವುದೇ ಇಲ್ಲ. ಈ ಆಟ ಕಣ್ಣಿನದು. ಪೇಪರ್, ಪೆನ್ಸಿಲ್ ಇಟ್ಟುಕೊಳ್ಳಿ, ಪದವನ್ನು ಸುಮ್ನೆ ಬಾಯಲ್ಲಿ ಹೇಳಿಕೊಳ್ಳುತ್ತಾ ಕೂರಬೇಡಿ.

ಎರಡನೆಯದು, ಯಾವ ಅಕ್ಷರದಿಂದ ಶುರು ಮಾಡಬೇಕು ಎಂಬುದು. ಹೆಚ್ಚಿನವರು ಕೊಟ್ಟ ಕ್ರಮದಲ್ಲೇ ಹೋಗುತ್ತಾರೆ. ಅದು ದಂಡ. ಅಪರೂಪದ ಅಕ್ಷರ ಯಾವುದೋ ಅದನ್ನು ಮೊದಲು ಹಿಡಿಯಬೇಕು. ಯಾವುದು ಅಪರೂಪ ಎಂದು ತಿಳಿಯಲು, ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಬಿಲ್ಲೆಗಳ ಲೆಕ್ಕ ಸಾಕು. ಆ ಆಟವನ್ನು ರೂಪಿಸಿದ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ಆರ್ಕಿಟೆಕ್ಟ್ 1930ರ ದಶಕದಲ್ಲಿ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಬಿಲ್ಲೆ ಹಂಚಿದ. ಒಟ್ಟು 100 ಬಿಲ್ಲೆ. ಕೊಡಗಿನ ಅಕ್ಷರಗಳನ್ನು ನೋಡಿ: ಎ 9, ಒ 8, ಡಿ 4, ಯು 4, ಜಿ 3. ಕೆ ಮಾತ್ರ ಒಂದೇ ಒಂದು. ಅಂದರೆ ನಿಮ್ಮ ಪಂದ್ಯದ ಕೀಲಿ ಕೆ ಹತ್ತಿರ ಇದೆ. ಎ, ಒ ಹೇಗೋ ಬಂದು ಸೇರಿಕೊಳ್ಳುತ್ತವೆ. ಅವುಗಳ ಚಿಂತೆ ಬೇಡ.

ಈಗ ಕೆ ಸ್ವಭಾವ ಸ್ವಲ್ಪ ನೋಡೋಣ. ಇಂಗ್ಲಿಷಿನ ಉದ್ದುದ್ದ ಪದಗಳು ಜಾಸ್ತಿ ಬಂದಿರುವುದು ಲ್ಯಾಟಿನ್ ಮತ್ತು ಗ್ರೀಕ್‌ನಿಂದ. ‘-ಏಶನ್’, ‘-ಆಲಜಿ’ ಎಂದು ಮುಗಿಯುವ ಜಾತಿ. ಲ್ಯಾಟಿನ್‌ನಲ್ಲಿ ಕ ಶಬ್ದಕ್ಕೆ ಸಿ ಬಳಸುತ್ತಿದ್ದರು, ಕೆ ತೀರಾ ಕಡಿಮೆ. ಗ್ರೀಕ್ ಪದಗಳೂ ಬಹುಪಾಲು ಲ್ಯಾಟಿನ್ ಹಾದಿಯಲ್ಲೇ ಬಂದು ಸಿ ತೊಟ್ಟುಕೊಂಡವು. ಅಲ್ಲೊಂದು ಇಲ್ಲೊಂದು ತಪ್ಪಿಸಿಕೊಂಡಿವೆ. 1817ರಲ್ಲಿ ಡೇವಿಡ್ ಬ್ರೂಸ್ಟರ್ ಹೆಸರಿಟ್ಟ ‘ಕೆಲಿಡೋಸ್ಕೋಪ್’ ಅಂಥದ್ದು. ಅದರಲ್ಲಿ ಕೆ, ಎ, ಡಿ, ಒ ಇವೆ. ಜಿ ಇಲ್ಲ, ಯು ಇಲ್ಲ. ಕೆ ನಿಜವಾಗಿ ಬೇರೂರಿರುವುದು ಹಳೆಯ ಇಂಗ್ಲಿಷಿನ ಗಿಡ್ಡ ಪದಗಳಲ್ಲಿ: ಬ್ಯಾಕ್, ಬ್ರೇಕ್, ಬುಕ್, ಮಾರ್ಕ್, ಮೇಕ್, ವರ್ಕ್, ‘ತಿಳಿ’ ಎಂಬರ್ಥದ ನೋ. ಇವೆಲ್ಲ ನಾಲ್ಕೈದು ಅಕ್ಷರದವು. ಹಾಗಿದ್ದ ಮೇಲೆ ಕೆ ಇರುವ ಉದ್ದದ ಪದ ಎಂದರೆ ಸಾಮಾನ್ಯವಾಗಿ ಎರಡು ಗಿಡ್ಡ ಪದ ಅಂಟಿಕೊಂಡದ್ದು, ಇಲ್ಲವೇ ಒಂದು ಗಿಡ್ಡ ಪದಕ್ಕೆ ಹಿಂದೆ ಮುಂದೆ ಜೋಡಣೆ ಆದದ್ದು. ‘ಬ್ಯಾಕ್‌ಗ್ರೌಂಡ್’ ಮೊದಲನೆಯ ಜಾತಿಯದು.

ಈ ಜಾಡನ್ನೇ ಮುಂದುವರಿಸೋಣ. ‘ಗ್ರೌಂಡ್’ ಎಂಬ ಐದು... ಅಲ್ಲ, ಆರಕ್ಷರದ ಪದ ನೋಡಿ: ಜಿ, ಆರ್, ಒ, ಯು, ಎನ್, ಡಿ. ನಿಮಗೆ ಬೇಕಾದ ಜಿ, ಒ, ಯು, ಡಿ ನಾಲ್ಕೂ ಇದರಲ್ಲಿವೆ. ಉಳಿದದ್ದು ಕೆ ಮತ್ತು ಎ ಮಾತ್ರ. ಈ ಎರಡೂ ಇರುವ ಗಿಡ್ಡ ಪದ ಯಾವುದು? ಬ್ಯಾಕ್ ಹೇಳಿದ್ದಾಯಿತು. ಬ್ರೇಕ್ ಕೂಡ ಇದೆ: ಬಿ, ಆರ್, ಇ, ಎ, ಕೆ. ಗ್ರೌಂಡ್, ಬ್ರೇಕ್, ಕೊನೆಗೆ ‘ಇಂಗ್’. ಸಿಕ್ಕಿತು ನೋಡಿ, ‘ಗ್ರೌಂಡ್‌ಬ್ರೇಕಿಂಗ್’. ಹದಿನಾಲ್ಕು ಅಕ್ಷರ. ಪೇಪರ್‌ನಲ್ಲಿ, ಟಿವಿಯಲ್ಲಿ ದಿನಾ ಓಡಾಡುವ ಪದ.

ಇನ್ನೊಂದು ದಾರಿ ಇದೆ. ನನಗೆ ಇದೇ ಜಾಸ್ತಿ ಇಷ್ಟ. ಕಿವಿಗೆ ಕೇಳದ ಆ ಕೆ ಇತ್ತಲ್ಲ, ‘ನಾಲೆಡ್ಜ್’, ಅದನ್ನು ಬಿಡಿಸಿ: ಕೆ, ಎನ್, ಒ, ಡಬ್ಲ್ಯು, ಎಲ್, ಇ, ಡಿ, ಜಿ, ಇ. ಕೆ, ಒ, ಡಿ, ಜಿ ಒಂದೇ ಏಟಿಗೆ ಬಂದವು. ಎ ಮತ್ತು ಯು ಬಾಕಿ. ಈಗ ಹಿಂದೆ ಮುಂದೆ ಸೇರುವ ತುಂಡುಗಳನ್ನು ನೆನಪಿಸಿಕೊಳ್ಳಿ. ‘-ಏಬಲ್’ ಎ ಕೊಡುತ್ತದೆ. ‘ಅನ್-’ ಯು ಕೊಡುತ್ತದೆ. ನಾಲೆಡ್ಜಬಲ್, ಆಮೇಲೆ ಅನ್‌ನಾಲೆಡ್ಜಬಲ್. ಎಣಿಸಿ, ಹದಿನೈದು ಅಕ್ಷರ. ಇದನ್ನು ಬರೆಯುವಾಗ ‘-ಏಬಲ್’ಗೆ ಮುಂಚಿನ ಇ ಬಿಡಬಾರದು, ಬಿಟ್ಟರೆ ಕಾಗುಣಿತವೂ ತಪ್ಪು, ಒಂದು ಅಕ್ಷರವೂ ನಷ್ಟ. ಎ ಹಿಂದಿನಿಂದ ಬೇಡ, ಮುಂದಿನಿಂದ ಬರಲಿ ಎನ್ನುವವರಿಗೆ ‘ಅಕ್ನಾಲೆಡ್ಜ್’ ಇದೆ. ಅದಕ್ಕೆ ‘ಅನ್-’ ಸೇರಿಸಿ ಕೊನೆಗೆ ಡಿ ಹಾಕಿದರೆ ‘ಅನ್‌ಅಕ್ನಾಲೆಡ್ಜ್ಡ್’, ಹದಿನಾಲ್ಕು.

ಗಮನಿಸಿದಿರಾ? ಎರಡೂ ದಾರಿಯಲ್ಲಿ ಮಾಡಿದ್ದು ಒಂದೇ ಕೆಲಸ. ಬೇಕಾದ ಆರರಲ್ಲಿ ನಾಲ್ಕು ಒಟ್ಟಿಗೆ ಇರುವ ಒಂದು ಪದ ಹಿಡಿದೆವು. ಉಳಿದ ಎರಡನ್ನು ಜೋಡಣೆಯಿಂದ ತಂದೆವು. ಹಾಗಾಗಿ ಯಾವ ತುಂಡು ಯಾವ ಅಕ್ಷರ ಕೊಡುತ್ತದೆ ಎಂಬುದು ಬಾಯಿಪಾಠ ಆಗಿದ್ದರೆ ಅರ್ಧ ಗೆದ್ದಂತೆ. ‘ಇಂಗ್’ ಐ, ಎನ್, ಜಿ ಕೊಡುತ್ತದೆ, ಅದೂ ಬಿಟ್ಟಿಯಾಗಿ. ‘ಡಿಸ್-’ ಡಿ, ಐ, ಎಸ್ ಕೊಡುತ್ತದೆ. ‘ಓವರ್-’ ವಿ ಕೊಡುತ್ತದೆ, ವಿ ಸಿಗುವುದು ಸುಲಭ ಅಲ್ಲ. ‘ಕೌಂಟರ್-’, ‘ಅಂಡರ್-’, ‘ಸಬ್-’ ಯು ಕೊಡುತ್ತವೆ. ಬೇಕಾದರೆ ಕಾವೇರಿಯನ್ನು ತೆಗೆದುಕೊಳ್ಳಿ: ಕೆ, ಎ, ವಿ, ಇ, ಆರ್, ಐ. ‘ಓವರ್’ ವಿ, ಇ, ಆರ್ ಕೊಟ್ಟಿತು, ‘ಇಂಗ್’ ಐ ಕೊಟ್ಟಿತು. ನಡುವೆ ಕೆ, ಎ ಇರುವ ‘ಟೇಕ್’ ಇಟ್ಟರೆ ಓವರ್‌ಟೇಕಿಂಗ್. ನಮ್ಮ ಘಾಟಿ ರಸ್ತೆಯ ತಿರುವುಗಳಲ್ಲಿ ಮಾಡಬಾರದ್ದು, ಆಟದಲ್ಲಿ ಮಾಡಬಹುದು.

ಜಿಗೆ ‘ಇಂಗ್’ ಇದೆ ಎಂದು ಗೊತ್ತಾದ ಮೇಲೆ ಕೊಡಗಿಗೇ ಇನ್ನೊಂದು ಬಾಗಿಲು ತೆರೆಯುತ್ತದೆ. ಜಿ ಬಿಟ್ಟು ಉಳಿದ ಐದು ಇರುವ ಪದ ಸಾಕು. ‘ಸೌಂಡ್‌ಟ್ರ್ಯಾಕ್’ನಲ್ಲಿ ಐದೂ ಇವೆ. ಅದನ್ನು ಕ್ರಿಯಾಪದವಾಗಿ ಬಳಸಿ ಸೌಂಡ್‌ಟ್ರ್ಯಾಕಿಂಗ್ ಎಂದರೆ ಹದಿಮೂರು. ತಕರಾರು ಬರಬಹುದು, ಮೊದಲೇ ಒಪ್ಪಿಸಿಕೊಳ್ಳಿ.

ಮಡಿಕೇರಿ ಇನ್ನೂ ಚೆನ್ನಾಗಿದೆ. ಎಂ, ಎ, ಡಿ, ಐ, ಕೆ, ಇ, ಆರ್, ಮತ್ತೆ ಐ. ಎಂಟು ಅಕ್ಷರ, ಅದರಲ್ಲಿ ಐ ಎರಡು. ಇಲ್ಲೂ ಕೆ ಹಿಡಿಯಿರಿ. ಕೆ ಪಕ್ಕ ಎ, ಆರ್ ಕೂರಿಸಿದರೆ ‘ಆರ್ಕ್’ ಎಂಬ ತುಂಡು. ಮಾರ್ಕ್, ಬಾರ್ಕ್, ಪಾರ್ಕ್. ಎಂ ಮತ್ತು ಇ ಜೊತೆಗೇ ಬರುವುದು ‘ಎಂಬಾರ್ಕ್’ನಲ್ಲಿ: ಇ, ಎಂ, ಬಿ, ಎ, ಆರ್, ಕೆ. ಐದು ಆದವು. ಬಾಕಿ ಡಿ ಮತ್ತು ಎರಡು ಐ. ‘ಡಿಸ್-’ ಡಿ ಮತ್ತು ಒಂದು ಐ ಕೊಟ್ಟಿತು, ‘ಇಂಗ್’ ಇನ್ನೊಂದು ಐ. ಡಿಸ್‌ಎಂಬಾರ್ಕಿಂಗ್, ಹನ್ನೆರಡಕ್ಷರ. ಹಡಗಿನಿಂದ ಇಳಿಯುವುದು ಎಂದರ್ಥ. ಸಮುದ್ರವೇ ಇಲ್ಲದ ಮಡಿಕೇರಿ ಅದರೊಳಗೆ ಪೂರ್ತಿ ಅಡಗಿ ಕೂತಿದೆ! ‘ಇಂಗ್’ ಬದಲು ‘-ಏಶನ್’ ಹಾಕಿ, ಡಿಸ್‌ಎಂಬಾರ್ಕೇಶನ್, ಹದಿನಾಲ್ಕು. ಬಹುವಚನದ ಎಸ್ ಒಪ್ಪುವುದಾದರೆ ಹದಿನೈದು.

ಮಡಿಕೇರಿಯಲ್ಲಿ ಜನ ಎಡವುವುದು ಎರಡನೆಯ ಐ ಹತ್ತಿರ. ‘ಡ್ರೆಸ್‌ಮೇಕಿಂಗ್’ ಎನ್ನುತ್ತಾರೆ, ‘ಟ್ರೇಡ್‌ಮಾರ್ಕಿಂಗ್’ ಎನ್ನುತ್ತಾರೆ. ಎರಡರಲ್ಲೂ ಐ ಒಂದೇ. ಕೂರ್ಗ್ ಎಂಬ ಹಳೆಯ ಸ್ಪೆಲಿಂಗ್ ಕೊಟ್ಟರೂ ಇದೇ ಕಥೆ. ಸಿ, ಒ, ಒ, ಆರ್, ಜಿ. ‘ಎನ್‌ಕರೇಜಿಂಗ್’ ಎಂದು ಯಾರಾದರೂ ಕೂಗುತ್ತಾರೆ, ಸಿ ಇದೆ, ಆರ್ ಇದೆ, ಜಿ ಎರಡಿವೆ, ಒ ಮಾತ್ರ ಒಂದೇ. ಪದ ಹೇಳಿದ ಮೇಲೆ ಕೊಟ್ಟ ಅಕ್ಷರಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋಗಿ, ಜಗಳ ಇರುವುದಿಲ್ಲ.

ಜಗಳ ಎಂದಾಗ ನೆನಪಾಯಿತು. ಆಟ ಶುರುವಾಗುವ ಮೊದಲು ನಿಯಮ ಯಾವುದು ಎಂದು ತೀರ್ಮಾನ ಆಗಲಿ, ಏಕೆಂದರೆ ಹೊರಗೆ ಒಂದೇ ಥರ ಕಾಣುವ ಆಟಗಳು ಒಳಗೆ ಬೇರೆ ಬೇರೆ. ನಿಮ್ಮದರಲ್ಲಿ ಬೇರೆ ಅಕ್ಷರ ಸೇರಬಹುದು, ಕ್ರಮ ಮುಖ್ಯ ಅಲ್ಲ. ಸ್ಕ್ರ್ಯಾಬಲ್ ಕೈಯಲ್ಲಿರುವ ಏಳು ಬಿಲ್ಲೆಗೂ ಬೋರ್ಡ್ ಮೇಲಿರುವುದಕ್ಕೂ ಕಟ್ಟುಬಿದ್ದದ್ದು. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಕೊಟ್ಟ ಏಳೇ ಅಕ್ಷರ ಬಳಸಬೇಕು ಎನ್ನುತ್ತದೆ, ಆದರೆ ಒಂದನ್ನೇ ಎಷ್ಟು ಸಲ ಬೇಕಾದರೂ ಬಳಸಬಹುದು, ನಡುವಿನ ಅಕ್ಷರ ಕಡ್ಡಾಯ. ಕೊಡಗಿನ ಆರನ್ನು ಹೀಗೆ ಕಟ್ಟಿಹಾಕಿದರೆ ಉದ್ದದ ಪದದ ಆಸೆ ಬಿಡಬೇಕು.

ಇನ್ನು ನಂಬರ್ ಪ್ಲೇಟ್ ಆಟ. ಮೈಸೂರಿಗೆ ಹೋಗುವಾಗ ಬಸ್ಸಿನಲ್ಲಿ ಕೂತ ಮಕ್ಕಳಿಗೆ ಹೇಳಿಮಾಡಿಸಿದ್ದು. ಮುಂದಿನ ಗಾಡಿಯ ಅಕ್ಷರಗಳನ್ನು ಅದೇ ಕ್ರಮದಲ್ಲಿ ಇರುವ ಪದ ಹೇಳಬೇಕು, ನಡುವೆ ಬೇರೆ ಅಕ್ಷರ ಬರಬಹುದು. ನಮ್ಮ ಕೆಎ 12 ಗಾಡಿಯ ನಂಬರಿನಲ್ಲಿ ಮುಂದೆ ಪಿ ಇತ್ತು ಎನ್ನಿ. ಕೆ, ಎ, ಪಿ. ಕಿಡ್ನ್ಯಾಪ್, ಉದ್ದ ಬೇಕಾದರೆ ಕಿಡ್ನ್ಯಾಪಿಂಗ್. ಕ್ರಮ ಬಂದ ಕೂಡಲೇ ಲೆಕ್ಕ ಹೇಗೆ ಬದಲಾಗುತ್ತದೆ ಎಂದು ಕೂರ್ಗ್‌ನಲ್ಲೇ ನೋಡಿ. ‘ಕೊರಿಯಾಗ್ರಫರ್’ನಲ್ಲಿ ಐದೂ ಅಕ್ಷರ ಇವೆ, ಆದರೆ ಎರಡನೆಯ ಒ ಆದಮೇಲೆ ಮೊದಲು ಜಿ, ಆಮೇಲೆ ಆರ್. ಕ್ರಮದ ಆಟದಲ್ಲಿ ಔಟ್. ಅದನ್ನೇ ‘ಕೊರಿಯಾಗ್ರಫಿಂಗ್’ ಮಾಡಿ, ಕೊನೆಗೆ ಇನ್ನೊಂದು ಜಿ ಬಂತು, ಪಾಸ್. ‘ಕೋಆಪರೇಟಿಂಗ್’, ‘ಕೋಆರ್ಡಿನೇಟಿಂಗ್’ ಕೂಡ ಕ್ರಮದಲ್ಲೇ ಇವೆ. ‘ಇನ್‌ಕಾರ್ಪೊರೇಟಿಂಗ್’ ಹದಿಮೂರು, ಮುಂದೆ ‘ರೀ-’ ಸೇರಿಸಿದರೆ ಹದಿನೈದು.

ಉದ್ದದ ಪದ ಎಂದರೆ ಕೆಲವರು ಶಾಲೆಯಲ್ಲಿ ಬಾಯಿಪಾಠ ಮಾಡಿದ ಭಾರೀ ಪದ ಎಸೆಯುತ್ತಾರೆ. 45 ಅಕ್ಷರದ ಆ ಶ್ವಾಸಕೋಶದ ಕಾಯಿಲೆಯ ಹೆಸರು, ‘ನ್ಯುಮೊನೊಅಲ್ಟ್ರಾ...’ ಎಂದು ಶುರುವಾಗುವುದು, ಎಲ್ಲರಿಗೂ ಗೊತ್ತು. ಅದು 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಕೂಟದಲ್ಲಿ ಉದ್ದಕ್ಕಾಗಿಯೇ ಹೊಸೆದ ಪದ. ನಿಮ್ಮ ಪಂದ್ಯದಲ್ಲಿ ಅದಕ್ಕೆ ಕಾಸಿನ ಬೆಲೆ ಇಲ್ಲ. ಅದರಲ್ಲಿ ಕೆ ಇಲ್ಲ, ಡಿ ಇಲ್ಲ, ಜಿ ಇಲ್ಲ. 28 ಅಕ್ಷರದ ‘ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ’ನಲ್ಲಿ ಒ ಕೂಡ ಇಲ್ಲ.

ಕಂಪ್ಯೂಟರ್ ವಿಷಯ. ಅದಕ್ಕೆ ಜಾಣತನ ಏನೂ ಬೇಡ, ಒಂದು ಪದಪಟ್ಟಿ ಇದ್ದರೆ ಸಾಕು. ಕಾಫಿ ಬೀಜವನ್ನು ಒಂದರ ಕೆಳಗೊಂದು ಜರಡಿ ಇಟ್ಟು ಗ್ರೇಡ್ ಮಾಡಿದ ಹಾಗೆ. ಮೊದಲ ಜರಡಿಯಲ್ಲಿ ಕೆ ಇರುವ ಪದ ಮಾತ್ರ ಉಳಿಯುತ್ತವೆ, ಅದರಲ್ಲಿ ಜಿ ಇರುವವು, ಅದರಲ್ಲಿ ಯು ಇರುವವು, ಹೀಗೆ. ಕೊನೆಗೆ ಉಳಿದದ್ದನ್ನು ಉದ್ದದ ಪ್ರಕಾರ ಜೋಡಿಸುವುದು. ಲಿನಕ್ಸ್ ಅಥವಾ ಮ್ಯಾಕ್ ಕಂಪ್ಯೂಟರ್ ಇದ್ದರೆ ‘ಗ್ರೆಪ್’ ಎಂಬ ಹುಡುಕುವ ಆಜ್ಞೆಯನ್ನು ಆರು ಸಲ ಒಂದರ ಹಿಂದೆ ಒಂದು ಕೊಟ್ಟರೆ ಮುಗಿಯಿತು. ಕ್ರಮದ ಆಟಕ್ಕೆ ಒಂದೇ ಸಲ ಸಾಕು, ಪ್ರತಿ ಎರಡು ಅಕ್ಷರದ ನಡುವೆ ಒಂದು ಚುಕ್ಕಿ, ಒಂದು ನಕ್ಷತ್ರ (ನಡುವೆ ಏನು ಬಂದರೂ ಸರಿ ಎಂಬ ಗುರುತು) ಹಾಕಬೇಕು. ಎರಡು ಒ ಬೇಕಿದ್ದರೂ ಇದೇ ಉಪಾಯ: ಒ, ಚುಕ್ಕಿ, ನಕ್ಷತ್ರ, ಮತ್ತೆ ಒ. ವಿಂಡೋಸ್‌ನಲ್ಲಿ ಎಕ್ಸೆಲ್ ಸಾಕು. ಒಂದು ಕಾಲಂನಲ್ಲಿ ಪದಗಳನ್ನು ಸುರಿದು, ಪಕ್ಕದಲ್ಲಿ ಉದ್ದ ಅಳೆಯುವ ‘ಲೆನ್’ ಹಾಕಿ, ಒಂದೊಂದೇ ಅಕ್ಷರಕ್ಕೆ ಫಿಲ್ಟರ್ ಮಾಡುತ್ತಾ ಬನ್ನಿ.

ಅಣ್ಣನ ಮಗಳಿಗೆ ಲೆಕ್ಕ ಇಷ್ಟವಾದರೆ ಇದನ್ನು ತೋರಿಸಿ. ಇಂಗ್ಲಿಷಿನ 26 ಅಕ್ಷರಗಳಿಗೆ ಮೊದಲ 26 ಅವಿಭಾಜ್ಯ ಸಂಖ್ಯೆಗಳನ್ನು ಹಂಚಿ. ಎಗೆ 2, ಬಿಗೆ 3, ಸಿಗೆ 5, ಹೀಗೆ ಹೋಗಿ ಝಡ್‌ಗೆ 101. ಪದದ ಬೆಲೆ ಎಂದರೆ ಅದರ ಅಕ್ಷರಗಳ ಗುಣಲಬ್ಧ. ಕೊಡಗು ಎಂದರೆ 31, 47, 7, 2, 17, 73 ಇವುಗಳ ಗುಣಲಬ್ಧ, 2,53,13,918. ಯಾವ ಪದದ ಬೆಲೆ ಈ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುತ್ತದೋ ಆ ಪದದಲ್ಲಿ ಕೊಡಗು ಇದೆ. ಎರಡು ಒ, ಎರಡು ಐ ಇದ್ದರೂ ಲೆಕ್ಕ ತಪ್ಪುವುದಿಲ್ಲ, ಅದೇ ಇದರ ಸೊಗಸು. ಪ್ರೋಗ್ರಾಂ ಬರೆಯುವವರು ವೇಗಕ್ಕಾಗಿ ಅಕ್ಷರಕ್ಕೊಂದು ಬಿಟ್‌ನಂತೆ (0 ಅಥವಾ 1 ಹಿಡಿಯುವ ಮನೆ) 26 ಬಿಟ್ ಇಟ್ಟುಕೊಳ್ಳುವುದುಂಟು. ಆ ವಿಧಾನಕ್ಕೆ ಅಕ್ಷರ ಇದೆಯೋ ಇಲ್ಲವೋ ಅಷ್ಟೇ ಗೊತ್ತು, ಎಷ್ಟು ಸಲ ಎಂದು ಗೊತ್ತಿಲ್ಲ. ಕೂರ್ಗ್ ಕೊಟ್ಟರೆ ‘ಎನ್‌ಕರೇಜಿಂಗ್’ ಅನ್ನು ಒಳಗೆ ಬಿಟ್ಟುಬಿಡುತ್ತದೆ. ಗುಣಾಕಾರದಲ್ಲೂ ಒಂದು ತೊಡಕಿದೆ. ‘ಅನ್‌ನಾಲೆಡ್ಜಬಲ್’ ಬೆಲೆ 20 ಅಂಕಿ ಮುಟ್ಟಿ, 64 ಬಿಟ್‌ನ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಬರೆದರೆ ಆ ತಲೆನೋವಿಲ್ಲ, ಅದು ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಹಿಡಿಯುತ್ತದೆ.

ಜರಡಿ ಎಷ್ಟೇ ಚೆನ್ನಾಗಿದ್ದರೂ ಸುರಿದ ಪಟ್ಟಿ ಯಾವುದು ಎನ್ನುವುದೇ ಕೊನೆಗೆ ಮುಖ್ಯ. ಮ್ಯಾಕ್‌ನಲ್ಲಿ ಬರುವ ಪಟ್ಟಿ 1934ರ ವೆಬ್‌ಸ್ಟರ್ ನಿಘಂಟಿನದು. ಎರಡು ಲಕ್ಷಕ್ಕಿಂತ ಜಾಸ್ತಿ ಪದ ಇವೆ, ಆದರೆ ಬಹುವಚನ, ‘ಇಂಗ್’ ರೂಪಗಳು ಹೆಚ್ಚಾಗಿ ಇಲ್ಲ. ಆಮೇಲೆ ಬಂದ ಪದಗಳಂತೂ ಇಲ್ಲವೇ ಇಲ್ಲ. ಈ ಆಟಕ್ಕೆ ‘ಎನೇಬಲ್’ ಎಂಬ ಉಚಿತ ಪಟ್ಟಿ ವಾಸಿ, ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಪದಗಳು, ‘ಇಂಗ್’ ರೂಪಗಳ ಸಮೇತ. ಸ್ಕ್ರ್ಯಾಬಲ್ ಪಟ್ಟಿಗಳು ಹದಿನೈದಕ್ಷರಕ್ಕೆ ನಿಲ್ಲುತ್ತವೆ, ಬೋರ್ಡ್‌ನಲ್ಲಿ ಒಂದು ಸಾಲಿಗೆ ಹದಿನೈದೇ ಮನೆ. ‘ಅನ್‌ನಾಲೆಡ್ಜಬಲ್’ ಚಿಕ್ಕ ಡಿಕ್ಷನರಿಗಳಲ್ಲಿ ಸಿಗದೇ ಹೋಗಬಹುದು. ಮನೆಯಲ್ಲಿ ಒಂದು ದಪ್ಪ ಡಿಕ್ಷನರಿ ಇಟ್ಟುಕೊಂಡು, ಅದರಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಕರೆಂಟ್ ಬಂದರೂ ವಾದ ಮುಗಿಯುವುದಿಲ್ಲ.

ಮುಂದಿನ ಸಲಕ್ಕೆ ತೋಟದಿಂದಲೇ ಎರಡು ಹೆಸರು ಕೊಡುತ್ತೇನೆ. ಅರೇಬಿಕಾ ಕಷ್ಟದ್ದು, ಮೂರು ಎ ಇವೆ. ‘ಆಂಟಿ-’ಯಿಂದ ಒಂದು ಎ ಸಿಗುತ್ತದೆ, ‘ಬ್ಯಾಕ್ಟೀರಿಯಲ್’ನಲ್ಲಿ ಎರಡು. ಎರಡನ್ನೂ ಸೇರಿಸಿ, ಬಿ, ಆರ್, ಐ, ಸಿ ಎಲ್ಲ ಅಲ್ಲೇ ಇವೆ, ಹದಿಮೂರು ಅಕ್ಷರ. ರೊಬಸ್ಟಾಕ್ಕೆ ಉತ್ತರ ನಾನು ಹೇಳುವುದಿಲ್ಲ. ‘ಸಬ್-’ನಿಂದ ಶುರು ಮಾಡಿ, ಎಸ್, ಯು, ಬಿ ಅಲ್ಲೇ ಬಂದವು. ಕೆಲಸವನ್ನು ಒಳಗುತ್ತಿಗೆ ಹಿಡಿದು ಮಾಡುವವನನ್ನು ಇಂಗ್ಲಿಷಿನಲ್ಲಿ ಏನನ್ನುತ್ತಾರೆ, ಯೋಚಿಸಿ. ಅದೂ ಹದಿಮೂರೇ.